ಸೂಜಿಯಕ್ಕ ಬಚ್ಚಿಟ್ಟ ಹತ್ತೊಂಬತ್ತು ಹಾಳೆ

ನಮ್ಮ ದೊಡ್ಡಮ್ಮ ಕಣ್ಣು ಮುಚ್ಚಿಕೊಂಡು ಕಾಗದದ ಗುಣ ಹೇಳಬಲ್ಲರು. ಬಡಾಯಿ ಅಲ್ಲ, ಚಿಕ್ಕವರಿದ್ದಾಗ ನಾವೇ ಪರೀಕ್ಷೆ ಮಾಡಿದ್ದೇವೆ. ಕಣ್ಣಿಗೆ ಬಟ್ಟೆ ಕಟ್ಟಿ ಕೈಗೊಂದು ಚೂರು ಕೊಟ್ಟರೆ, ಎರಡು ಬೆರಳ ನಡುವೆ ಒಂದು ಸಲ ಉಜ್ಜಿ, ಕಿವಿಯ ಹತ್ತಿರ ತಂದು ಅಲ್ಲಾಡಿಸಿ, ತೀರ್ಪು ಕೊಟ್ಟುಬಿಡುವರು. "ಇದು ಮಿಲ್ಲಿನದು, ಮಡಿಚಿದ ಕಡೆ ಮೂರೇ ವರ್ಷಕ್ಕೆ ಸೀಳತ್ತೆ." "ಇದು ಔಷಧಿ ಅಂಗಡಿ ಪೊಟ್ಟಣ." ಒಂದು ಸಲ ಅಣ್ಣ ಕೊಟ್ಟ ಚೂರನ್ನು ಮುಟ್ಟಿದ ಕೂಡಲೇ, "ಇದು ಶಾಲೆಯ ಉತ್ತರಪತ್ರಿಕೆ. ಅಮ್ಮನಿಗೆ ತೋರಿಸದೆ ಯಾಕೋ ಹರಿದೆ?" ಅಂದರು. ಆಮೇಲೆ ಅಣ್ಣ ಆ ಆಟಕ್ಕೆ ಬರಲಿಲ್ಲ.

ಆ ಬೆರಳಿನ ಬುದ್ಧಿಯೇ ಅವರನ್ನು ಹಾಳು ಮಾಡಿದ್ದು. ಅದನ್ನೇ ಹೇಳಬೇಕು ಅಂತ ಹೊರಟಿದ್ದೇನೆ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಇಪ್ಪತ್ತೆರಡನೇ ವಯಸ್ಸಿಗೆ ಒಂದು ಪ್ರೆಸ್ಸಿನ ಬೈಂಡಿಂಗ್ ಕೋಣೆಗೆ ಕೆಲಸಕ್ಕೆ ಸೇರಿದರು. ಮದುವೆ ಆಗಲಿಲ್ಲ, ಆ ಕೋಣೆ ಬಿಡಲೂ ಇಲ್ಲ. ಅಚ್ಚಾದ ದೊಡ್ಡ ಹಾಳೆಯ ಫಾರಂ ಮಡಿಚುವುದು, ಜೋಡಿಸುವುದು, ಹೊಲಿಯುವುದು, ಬೆನ್ನಿಗೆ ಅಂಟು ಬಳಿಯುವುದು, ರಟ್ಟು ಕಟ್ಟುವುದು, ಎಲ್ಲ ಅಲ್ಲೇ ಕಲಿತರು. ಪ್ರೆಸ್ಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ದಾರ ಪೋಣಿಸಿದ ಸೂಜಿ ಸದಾ ಎದೆಯ ಹತ್ತಿರ ಬಟ್ಟೆಗೆ ಸಿಕ್ಕಿಸಿಕೊಂಡಿರುತ್ತಿದ್ದರು, ಅದಕ್ಕೆ ಎಲ್ಲರಿಗೂ ಸೂಜಿಯಕ್ಕ.

ಕೋಣೆ ಉದ್ದಕ್ಕೆ, ಕಿರಿದಾಗಿ ಇತ್ತು. ಒಂದು ಗೋಡೆಗೆ ಕಿಟಕಿ, ಕಿಟಕಿಯ ಕೆಳಗೆ ಮೇಜು, ಮೇಜಿನ ತುದಿಗೆ ಕಬ್ಬಿಣದ ಅದುಮುವ ಯಂತ್ರ. ಹಿಟ್ಟಿನ ಅಂಟಿನ ಹುಳಿ ವಾಸನೆ ಗೋಡೆಗೇ ಅಂಟಿಕೊಂಡಿತ್ತು. ಪಕ್ಕದ ಕೋಣೆಯಲ್ಲಿ ಸೀಸದ ಅಕ್ಷರಗಳ ಅಚ್ಚಿನ ಮೊಳೆ ಜೋಡಿಸುವವರು ಐದು ಜನ ನಿಂತು ಕೆಲಸ ಮಾಡುತ್ತಿದ್ದರು. ಅವರಲ್ಲಿ ಹಿರಿಯರು ಮೊಳೆ ಮಾಮ. ಕಣ್ಣು ಬರಹದ ಮೇಲೆ, ಕೈ ಮೊಳೆಯ ಮನೆಗಳ ಮೇಲೆ, ಬಾಯಿ ಮಾತ್ರ ಯಾರ ಮೇಲಾದರೂ.

ಆ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಅಚ್ಚಿಗೆ ಬಂದ ಬರಹವನ್ನು ಹಾಳೆ ಹಾಳೆಯಾಗಿ ಬಿಡಿಸಿ ಐವರಿಗೂ ಹಂಚುವುದು. ಒಂದು ಹಾಳೆಯ ಮೊಳೆ ಜೋಡಿಸಿ, ಪ್ರೂಫ್ ತಿದ್ದಿ ಮುಗಿದ ಮೇಲೆ ಆ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೆರೆ ಎಳೆಯುವುದು. ಕೆಂಪು ಗೆರೆ ಬಿತ್ತು ಅಂದರೆ ಆ ಹಾಳೆಯ ಕೆಲಸ ಮುಗಿಯಿತು. ಅದು ತಗಡಿನ ಡಬ್ಬಕ್ಕೆ ಬೀಳುತ್ತಿತ್ತು. ಡಬ್ಬದ ಕಾಗದ ಯಾರಿಗೆ ಬೇಕಾದರೂ ಸರಿ: ಮಸಿ ಒರೆಸಲು, ಪೊಟ್ಟಣ ಕಟ್ಟಲು, ಪುಸ್ತಕದ ಬೆನ್ನಿಗೆ ಒಳಪಟ್ಟಿ ಹಚ್ಚಲು. ಹೊಲಿದ ಪುಸ್ತಕದ ಬೆನ್ನಿಗೆ ಅಂಟು ಬಳಿದು, ಅದರ ಮೇಲೆ ಕಾಗದದ ಪಟ್ಟಿ ಹಚ್ಚಿ, ಆಮೇಲೆ ರಟ್ಟು ಕೂರಿಸುತ್ತಾರಲ್ಲ, ಆ ಪಟ್ಟಿ. ಪುಸ್ತಕ ಹರಿಯುವವರೆಗೂ ಅದು ಯಾರಿಗೂ ಕಾಣುವುದಿಲ್ಲ.

ದೊಡ್ಡಮ್ಮ ಸೇರಿದ ಎರಡನೇ ತಿಂಗಳಿಗೆ ಡಬ್ಬದಲ್ಲಿ ಒಂದು ಹೊಸ ಬಗೆಯ ಕಾಗದ ಬಂತು. ದಪ್ಪ, ಜೇನಿನ ಬಣ್ಣ, ಮುಟ್ಟಿದರೆ ಬಟ್ಟೆಯ ಹಾಗೆ. ಮಡಿಚಿದರೆ ಮಡಿಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ನೇರ. ಅದರ ಮೇಲೆ ಕಪ್ಪು ಮಸಿಯಲ್ಲಿ ಹಳೇ ಕಾಲದ ಅಕ್ಷರ, ಅಂಚಿನಲ್ಲಿ ಬೇರೆ ಬೇರೆ ಕೈಗಳ ಸಣ್ಣ ಬರಹ, ಎಲ್ಲದರ ಮೇಲೆ ಹಾದುಹೋದ ಕೆಂಪು ಗೆರೆ.

"ಮಾಮ, ಇದೆಲ್ಲಿಯ ಕಾಗದ?"

"ಆರುನೂರು ವರ್ಷದ್ದಂತಮ್ಮಾ. ಮುರಿದ ಮೂಳೆ ಕೂಡಿಸೋ ಪುಸ್ತಕ. ಓದಿ ಓದಿ ನನ್ನ ಕಣ್ಣೇ ಮುರಿದುಹೋಯ್ತು, ಅದಕ್ಕೆ ಪಟ್ಟಿ ಕಟ್ಟೋದು ಹೇಗೆ ಅಂತ ಮಾತ್ರ ಆ ಪುಣ್ಯಾತ್ಮ ಬರೆದಿಲ್ಲ."

"ತಗೊಳ್ಲಾ?"

"ಗೆರೆ ಬಿದ್ದಿದೆಯಲ್ಲ, ತಗೋ. ಇಲ್ಲದಿದ್ರೆ ಟ್ರೆಡಲ್ ಮಷೀನಿನ ಮಸಿ ಒರೆಸೋಕೆ ಹೋಗತ್ತೆ."

ಆ ಮಾತು ದೊಡ್ಡಮ್ಮನ ಹೊಟ್ಟೆ ಉರಿಸಿತಂತೆ. ಇಂಥ ಕಾಗದದಲ್ಲಿ ಮಸಿ ಒರೆಸುವುದೇ? ಡಬ್ಬದಲ್ಲಿದ್ದದ್ದನ್ನೆಲ್ಲ ಎತ್ತಿಕೊಂಡು ಬಂದರು. ಮುಂದೆ ಬಿದ್ದದ್ದನ್ನೂ ದಿನಾ ಸಂಜೆ ಆರಿಸಿ ತಂದರು. ಒಟ್ಟು ನೂರ ಹನ್ನೆರಡು ಹಾಳೆ. ಅದೇ ಮೂಳೆ ಪುಸ್ತಕ ಅಚ್ಚಾಗಿ ಮುನ್ನೂರು ಪ್ರತಿ ಬೈಂಡಿಂಗಿಗೆ ಬಂದಾಗ, ಒಳಪಟ್ಟಿಗೆ ಇದಕ್ಕಿಂತ ಒಳ್ಳೆಯ ಕಾಗದ ಇಲ್ಲ ಅಂತ ನಿರ್ಧಾರ ಮಾಡಿದರು. ಹಳೇ ಹಾಳೆಯ ಅಗಲ, ಹೊಸ ಪುಸ್ತಕದ ಎತ್ತರ ಹೆಚ್ಚೂಕಡಿಮೆ ಒಂದೇ. ಹಾಳೆಯನ್ನು ಅಡ್ಡಕ್ಕೆ ಆರು ಪಟ್ಟಿಯಾಗಿ ಕತ್ತರಿಸುವುದು, ಒಂದು ಪುಸ್ತಕಕ್ಕೆ ಎರಡು ಪಟ್ಟಿ ಒಂದರ ಮೇಲೊಂದು ಹಚ್ಚುವುದು. ಚೂರೂ ವ್ಯರ್ಥವಿಲ್ಲ. ಒಂದೊಂದು ಪಟ್ಟಿಯ ಮೇಲೂ ಕೈಯಾಡಿಸಿ ಗಾಳಿ ತೆಗೆದು ಕೂರಿಸಿದರಂತೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಅವರಿಗೆ ಆ ಹಾಳೆ ತಾತ್ಸಾರವಾಗಿರಲಿಲ್ಲ. ಅವರ ಕೈಗೆ ಅದರ ಬೆಲೆ ಗೊತ್ತಿತ್ತು. ಆದರೆ ಕೈ ಓದಿದ್ದು ಕಾಗದವನ್ನು, ಬರಹವನ್ನಲ್ಲ.

ಇನ್ನೂರ ಎಪ್ಪತ್ತೊಂಬತ್ತನೇ ಪುಸ್ತಕ ಮುಗಿಸಿ, ಮುಂದಿನ ಹಾಳೆಗೆ ಕತ್ತರಿ ಇಡುವಾಗ ಬಾಗಿಲಲ್ಲಿ ಮಾತು ಕೇಳಿಸಿತು. ಪ್ರೆಸ್ಸಿನ ಯಜಮಾನರು, ಅವರ ಜೊತೆ ಮೂವತ್ತು ವರ್ಷದ ಒಬ್ಬರು, ಶಾಲೆಯ ಮೇಷ್ಟ್ರು. ಪುಸ್ತಕ ಅಚ್ಚು ಹಾಕಿಸುತ್ತಿದ್ದವರು ಅವರೇ. ಅವರ ಮನೆತನದಲ್ಲಿ ಹತ್ತಾರು ತಲೆಮಾರು ಮೂಳೆ ಕಟ್ಟಿದವರು. ಮೇಷ್ಟ್ರ ಕಾಲಕ್ಕೆ ಆ ವಿದ್ಯೆ ನಿಂತಿತ್ತು, ಪುಸ್ತಕ ಉಳಿದಿತ್ತು. ಕಟ್ಟಿದ ಒಂದು ಪ್ರತಿಯನ್ನು ಕೈಗೆತ್ತಿಕೊಂಡು, ತೆರೆದು, ಮುಚ್ಚಿ, ಬೆನ್ನು ಸವರಿ, ಮಗು ಎತ್ತಿಕೊಂಡವರ ಹಾಗೆ ನಕ್ಕರಂತೆ.

"ಎಷ್ಟು ಗಟ್ಟಿಯಾಗಿ ಕಟ್ಟಿದ್ದೀಯಮ್ಮಾ!" ಅಂದರು ದೊಡ್ಡಮ್ಮನಿಗೆ. ಆಮೇಲೆ ಯಜಮಾನರ ಕಡೆ ತಿರುಗಿ, "ಅಸಲು ಪುಸ್ತಕ ಕೊಟ್ಟುಬಿಡಿ, ಇವತ್ತೇ ತಗೊಂಡು ಹೋಗ್ತೀನಿ. ಮನೇಲಿ ಅಮ್ಮ ದಿನಾ ಕೇಳ್ತಾ ಇದ್ದಾರೆ."

ಯಜಮಾನರ ಮುಖ ಒಂದು ಕ್ಷಣ ಸಪ್ಪಗಾಯಿತು. ಮೇಷ್ಟ್ರು ಪುಸ್ತಕ ಕೊಡುವಾಗಲೇ ಹೇಳಿದ್ದರು: ಮೊದಲು ಒಂದು ನಕಲು ಬರೆಸಿ, ನಕಲಿನಿಂದ ಮೊಳೆ ಜೋಡಿಸಿ, ಅಸಲನ್ನು ಬಿಚ್ಚಬೇಡಿ. ಯಜಮಾನರು ಹೂಂ ಅಂದಿದ್ದರು. ನಕಲು ಬರೆಸುವ ತಾಪತ್ರಯ ಯಾರಿಗೆ ಬೇಕು ಅಂತ ಅಸಲನ್ನೇ ಬಿಚ್ಚಿಸಿ ಹಂಚಿದ್ದರು. ಈಗ ಅದು ಎಲ್ಲಿದೆ ಅಂತ ಅವರಿಗೂ ಗೊತ್ತಿರಲಿಲ್ಲ.

"ಎಲ್ಲೋ ಒಳಗಿದೆ ಮೇಷ್ಟ್ರೇ, ಹುಡುಕಿಸಿ ಕಳಿಸ್ತೀನಿ."

ದೊಡ್ಡಮ್ಮನ ಎಡಗೈಯಲ್ಲಿ ಹಾಳೆ ಇತ್ತು, ಬಲಗೈಯಲ್ಲಿ ಕತ್ತರಿ. ಹಾಳೆಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿದರು.

ಅವತ್ತು ಉಳಿದದ್ದು ಹತ್ತೊಂಬತ್ತು ಹಾಳೆ. ಮಿಕ್ಕ ಇಪ್ಪತ್ತೊಂದು ಪುಸ್ತಕಕ್ಕೆ ಕಂದು ಕಾಗದ ಹಚ್ಚಿ ಮುಗಿಸಿದರು. ಹತ್ತೊಂಬತ್ತನ್ನು ಎರಡು ರಟ್ಟಿನ ನಡುವೆ ಇಟ್ಟು, ದಾರ ಸುತ್ತಿ, ಮನೆಗೆ ತಂದು ಬಟ್ಟೆಯ ಪೆಟ್ಟಿಗೆಯ ತಳದಲ್ಲಿಟ್ಟರು. ಹೊಸ ಕೆಲಸ. ನಮ್ಮಜ್ಜ ಹಾಸಿಗೆ ಹಿಡಿದಿದ್ದರು, ನಮ್ಮಮ್ಮ ಇನ್ನೂ ಓದುತ್ತಿದ್ದಳು. ಹತ್ತೊಂಬತ್ತು ಕೊಟ್ಟರೆ ಉಳಿದ ತೊಂಬತ್ತಮೂರು ಎಲ್ಲಿ ಅನ್ನುವ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಉತ್ತರ ತಮ್ಮ ಕೈ. ಮೊಳೆ ಮಾಮನ ಕೆಲಸವೂ ಹೋಗುತ್ತದೆ. ನಾಳೆ ಹೇಳೋಣ ಅಂದುಕೊಂಡರು.

ಮೇಷ್ಟ್ರು ಮೊದಲ ವರ್ಷ ತಿಂಗಳಿಗೊಮ್ಮೆ ಬಂದರು. ಆಮೇಲೆ ವರ್ಷಕ್ಕೆ ಎರಡು ಸಲ, ಶಾಲೆಯ ಪ್ರಶ್ನೆಪತ್ರಿಕೆ ಅಚ್ಚಿಗೆ ಕೊಡಲು ಬಂದಾಗ. ಯಜಮಾನರ ಕೋಣೆಯ ಕೆಲಸ ಮುಗಿಸಿ ಬೈಂಡಿಂಗ್ ಕೋಣೆಗೂ ತಲೆ ಹಾಕುವರು.

"ಏನಮ್ಮಾ, ಎಲ್ಲಾದ್ರೂ ಕಣ್ಣಿಗೆ ಬಿತ್ತಾ?"

"ಇಲ್ಲ ಮೇಷ್ಟ್ರೇ."

"ಬಿದ್ರೆ ಹೇಳು. ಅಮ್ಮ ಬಿಡ್ತಿಲ್ಲ. ಅಚ್ಚಾದ ಪುಸ್ತಕ ಕೊಟ್ರೆ, ಇದು ನನ್ನ ಪುಸ್ತಕ ಅಲ್ಲ ಅಂತಾರೆ."

ದೊಡ್ಡಮ್ಮ ಅವರಿಗೆ ಕೂರಲು ಸ್ಟೂಲು ಒರೆಸಿ ಕೊಡುವರು, ಟೀ ತರಿಸುವರು. ಒಂಬತ್ತು ವರ್ಷವಾದ ಮೇಲೆ ಮೇಷ್ಟ್ರು ಅಮ್ಮನ ಮಾತು ಎತ್ತುವುದು ನಿಲ್ಲಿಸಿದರು. ಯಾಕೆ ಅಂತ ದೊಡ್ಡಮ್ಮನಿಗೆ ಅರ್ಥವಾಯಿತು. ಕೇಳುವ ಧೈರ್ಯ ಬರಲಿಲ್ಲ. ಆಮೇಲೂ "ಕಣ್ಣಿಗೆ ಬಿತ್ತಾ" ಅನ್ನುವುದು ಮಾತ್ರ ತಪ್ಪಲಿಲ್ಲ.

ಯಜಮಾನರು ಹೋದರು, ಅವರ ಮಗ ಕೂತ. ಮೊಳೆ ಮಾಮ ಹೋದರು. ಮೊಳೆಗಳನ್ನು ತೂಕಕ್ಕೆ ಹಾಕಿ ಅದೇ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟರು. ಬೈಂಡಿಂಗ್ ಕೋಣೆಗೆ ಈಗ ಗ್ರಂಥಾಲಯಗಳ ಹರಿದ ಪುಸ್ತಕ ಬರುತ್ತಿತ್ತು. ಹಾಗೇ ಒಂದು ಮಧ್ಯಾಹ್ನ, ನೀರು ಕುಡಿದು ಉಬ್ಬಿದ ಒಂದು ಮೂಳೆ ಪುಸ್ತಕ ಬಂತು. ಇಪ್ಪತ್ತೆಂಟು ವರ್ಷವಾಗಿತ್ತು. ರಟ್ಟು ತೆಗೆದರು, ಬೆನ್ನು ಬಿಚ್ಚಿದರು. ಪಟ್ಟಿ ತಾನಾಗಿಯೇ ಕಳಚಿಕೊಂಡು ಕೈಗೆ ಬಂತು. ಮೂರು ಸಾಲು ಬರಹ, ನಿನ್ನೆ ಬರೆದ ಹಾಗೆ. ಆ ಕಾಲದ ಮಸಿ ದೀಪದ ಕಾಡಿಗೆಯದು, ನೀರಿಗೆ ಜಗ್ಗಲಿಲ್ಲ. ಕೆಂಪು ಗೆರೆ ಮಾತ್ರ ಹರಡಿ ತಿಳಿಗುಲಾಬಿಯಾಗಿತ್ತು.

ಅಲ್ಲಿಯವರೆಗೆ ಹೋಯಿತು ಅಂದುಕೊಂಡಿದ್ದದ್ದು ಹೋಗಿರಲಿಲ್ಲ. ಇನ್ನೂರ ಎಪ್ಪತ್ತೊಂಬತ್ತು ಪುಸ್ತಕಗಳ ಬೆನ್ನಿನಲ್ಲಿ ಭದ್ರವಾಗಿ ಕೂತಿತ್ತು. ಪೂರ್ತಿ ಜೋಡಿಸಿ ಒಂದೇ ಸಲ ಮೇಷ್ಟ್ರ ಕೈಗಿಟ್ಟು ಹೇಳಿಬಿಡುತ್ತೇನೆ ಅಂತ ಅವತ್ತು ಮನಸ್ಸು ಮಾಡಿದರು. ಅರ್ಧಂಬರ್ಧ ಕೊಟ್ಟು ಹೇಳುವುದಕ್ಕಿಂತ ಅದು ಸುಲಭ ಅನ್ನಿಸಿರಬೇಕು.

ಶುರುವಾಯಿತು ಬೇಟೆ. ರಜೆಯ ದಿನ ಚೀಲ ಹಾಕಿಕೊಂಡು ಹೊರಟರೆ ಶಾಲೆ, ಆಸ್ಪತ್ರೆ, ಹಳೇ ಪುಸ್ತಕದ ಅಂಗಡಿ, ಗೊತ್ತಿದ್ದವರ ಗೊತ್ತಿದ್ದವರ ಮನೆ. "ಈ ಪುಸ್ತಕ ಇದೆಯಾ? ಬಿಟ್ಟಿ ಬೈಂಡಿಂಗ್ ಮಾಡಿಕೊಡ್ತೀನಿ." ಒಬ್ಬ ಡಾಕ್ಟರರ ಮನೆಯಲ್ಲಿ ಅದು ಕುಂಟುವ ಮೇಜಿನ ಕಾಲಿಗೆ ಆನಿಕೆಯಾಗಿತ್ತು.

ದೊಡ್ಡ ತೊಂದರೆ ಏನು ಗೊತ್ತೇ? ಪುಸ್ತಕಗಳು ಹರಿದಿರಲಿಲ್ಲ. ಆ ಕಾಗದ ಅಷ್ಟು ಗಟ್ಟಿ, ಆ ಹೊಲಿಗೆ ಅಷ್ಟು ಗಟ್ಟಿ.

"ಇದಕ್ಕೇನಾಗಿದೆಯಮ್ಮಾ, ಕಲ್ಲು ಕಲ್ಲಾಗಿದೆ," ಅಂದರು ಆ ಡಾಕ್ಟರ್.

"ಮೇಲೆ ಹಾಗೆ ಕಾಣತ್ತೆ, ಒಳಗೆ ಸರಿಯಿಲ್ಲ. ಕಟ್ಟಿದವರು ಸರಿಯಾಗಿ ಕಟ್ಟಿಲ್ಲ."

"ನಿಮಗೆ ಹೇಗೆ ಗೊತ್ತು?"

"ಕಟ್ಟಿದ್ದು ನಾನೇ."

ತಮ್ಮ ಹೊಲಿಗೆಯನ್ನು ತಾವೇ ಹಳಿದದ್ದು ಜೀವಮಾನದಲ್ಲಿ ಅದೇ ಮೊದಲು. ಮನೆಗೆ ತಂದು, ಬೆನ್ನಿನ ಮೇಲೆ ದಪ್ಪ ಗಂಜಿ ಬಳಿದು, ಒದ್ದೆ ಬಟ್ಟೆ ಹೊದಿಸಿ, ಅರ್ಧ ಗಂಟೆ ಬಿಟ್ಟು, ಮೂಳೆಯ ಚಪ್ಪಟೆ ಕಡ್ಡಿಯಿಂದ ಕೂದಲೆಳೆಯಷ್ಟೇ ಎತ್ತುತ್ತಾ ಬಿಡಿಸುವರು. ಬಿಡಿಸಿದ ಪಟ್ಟಿಗಳು ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಒಣಗುತ್ತಿದ್ದವು. ನಮ್ಮಮ್ಮ ಅದನ್ನು ನೋಡಿ ರೇಗುವಳು.

"ಅಕ್ಕ, ಬೇರೆಯವರು ಹರಿದಿದ್ದನ್ನ ಹೊಲೀತಾರೆ. ನೀನು ಗಟ್ಟಿ ಇರೋದನ್ನ ಹರಿದು ಹೊಲೀತೀಯ. ತಲೆ ನೆಟ್ಟಗಿದೆಯಾ?"

"ನೆಟ್ಟಗಿದ್ದಾಗ ಮಾಡಿದ ಕೆಲಸ ಇದು, ಈಗ ಬಿಚ್ತಿದ್ದೀನಿ. ಆ ಕಡೆ ನಿಂತ್ಕೋ, ಗಾಳಿ ಬಿಡು."

ಮೂರು ವರ್ಷದಲ್ಲಿ ನಲವತ್ತೊಂದು ಪುಸ್ತಕ ಸಿಕ್ಕವು. ಎಂಬತ್ತೆರಡು ಪಟ್ಟಿ. ಲೆಕ್ಕ ಹಾಕಿದರೆ ಹದಿನಾಲ್ಕು ಹಾಳೆಯಷ್ಟೂ ಇಲ್ಲ, ಅದೂ ಅಲ್ಲೊಂದು ಇಲ್ಲೊಂದು ಚೂರು. ಆಗ ಮೇಷ್ಟ್ರು ಬಂದರು. ಪ್ರಶ್ನೆಪತ್ರಿಕೆ ತಂದಿರಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಏನಮ್ಮಾ, ಹೇಳಿ ಹೋಗೋಣ ಅಂತ ಬಂದೆ. ಶಾಲೆ ಬಿಟ್ಟು ಒಂದು ವರ್ಷ ಆಯ್ತು. ಇನ್ನು ಈ ಕಡೆ ಬರೋ ನೆಪ ಇಲ್ಲ." ರೂಢಿಯಂತೆ ಕೇಳಿದರು. "ಕಣ್ಣಿಗೆ ಬೀಳಲಿಲ್ಲ, ಅಲ್ವಾ?"

ದೊಡ್ಡಮ್ಮ ಸೂಜಿ ಕೆಳಗಿಟ್ಟರು. ಇವತ್ತು ಇಲ್ಲ ಅಂದರೆ ಈ ಪ್ರಶ್ನೆ ಮತ್ತೆ ಬರುವುದಿಲ್ಲ. ಇಲ್ಲ ಅಂದುಬಿಟ್ಟರೆ ಬಚಾವು, ಸಾಯುವವರೆಗೂ ಬಚಾವು. ಅದೇ ಅವರನ್ನು ಹೆದರಿಸಿತು.

"ಕೂತ್ಕೊಳ್ಳಿ ಮೇಷ್ಟ್ರೇ. ಒಂದು ಗಂಟೆ ಕೂತಿರ್ತೀರಾ? ಮನೆಗೆ ಹೋಗಿ ಬರ್ತೀನಿ."

ಮನೆ ಎರಡು ಬೀದಿ ಆಚೆ. ಹೋಗಿ, ಪೆಟ್ಟಿಗೆಯ ತಳದಿಂದ ರಟ್ಟಿನ ಕಟ್ಟನ್ನೂ ಪಟ್ಟಿಗಳ ಡಬ್ಬಿಯನ್ನೂ ತೆಗೆದುಕೊಂಡು ಬಂದರು. ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲ ಹೇಳಿದರು. ಕೆಂಪು ಗೆರೆ, ಡಬ್ಬ, ಕತ್ತರಿ, ಇನ್ನೂರ ಎಪ್ಪತ್ತೊಂಬತ್ತು ಬೆನ್ನು. ಮೊಳೆ ಮಾಮನ ಹೆಸರನ್ನಾಗಲಿ ಯಜಮಾನರ ಹೆಸರನ್ನಾಗಲಿ ಎಳೆದು ತರಲಿಲ್ಲ.

ಮೇಷ್ಟ್ರು ಕಟ್ಟಿನ ದಾರ ಬಿಚ್ಚಿದರು. ಒಂದೊಂದೇ ಹಾಳೆ ತಿರುವಿದರು, ಕಣ್ಣು ಹಾಳೆಯ ನಡುವಿಗೆ ಹೋಗಲಿಲ್ಲ, ಅಂಚಿನ ಮೇಲೇ ಓಡಾಡುತ್ತಿತ್ತು. ಏಳನೆಯ ಹಾಳೆಗೆ ನಿಂತಿತು. ಅಲ್ಲಿ ಎಡ ಅಂಚಿನಲ್ಲಿ ದಪ್ಪ ದಪ್ಪ ಅಕ್ಷರ, ಮಗುವಿನ ಬರವಣಿಗೆಯ ಹಾಗೆ, ಸಾಲು ಮೇಲಕ್ಕೂ ಕೆಳಕ್ಕೂ ತೂಗಾಡುತ್ತಿತ್ತು. ಮೇಷ್ಟ್ರು ಗಟ್ಟಿಯಾಗಿ ಓದಿದರು.

"ಮಗನ ಎಡಗೈ ಮುರಿದಿತ್ತು. ಇಲ್ಲಿ ಬರೆದ ಹಾಗೆ ಕಟ್ಟಿದೆ. ಇಪ್ಪತ್ತೆಂಟು ದಿನಕ್ಕೆ ಕೂಡಿತು."

ದೊಡ್ಡಮ್ಮ ನಿಂತಲ್ಲೇ ನಿಂತಿದ್ದರು.

"ಅಮ್ಮ ಶಾಲೆಗೆ ಹೋದವರಲ್ಲ," ಅಂದರು ಮೇಷ್ಟ್ರು. "ಈ ಪುಸ್ತಕದ ಅಕ್ಷರದ ಮೇಲೆ ಬೆರಳಾಡಿಸಿ ಆಡಿಸಿ ಓದೋದು ಕಲಿತ್ರು. ಅಪ್ಪ ಊರಲ್ಲಿಲ್ಲದಾಗ ನಾನು ಗೋಡೆಯಿಂದ ಬಿದ್ದೆ. ಆರು ವರ್ಷ ನನಗೆ. ಅಮ್ಮನೇ ಕಟ್ಟಿದ್ರು. ಈ ಮನೆತನದಲ್ಲಿ ಮೂಳೆ ಕೂಡಿಸಿದೋರು ಪ್ರತಿಯೊಬ್ಬರೂ ಅಂಚಲ್ಲಿ ಬರೆದಿದ್ದಾರೆ, ಹೆಂಗಸರಲ್ಲಿ ಇವರೊಬ್ಬರೇ. ಅವರು ಬದುಕಲ್ಲಿ ಬರೆದಿದ್ದು ಇದೊಂದೇ." ಹಾಳೆಯಿಂದ ತಲೆ ಎತ್ತಿದರು. "ಇದು ಎಷ್ಟು ದಿನದಿಂದ ನಿಮ್ಮ ಹತ್ರ ಇದೆ?"

ಅಲ್ಲಿಯವರೆಗೆ ನೀನು ಅನ್ನುತ್ತಿದ್ದವರು ನೀವು ಅಂದರು.

"ಮೂವತ್ತೊಂದು ವರ್ಷ."

"ಅಮ್ಮ ಹೋಗಿ ಇಪ್ಪತ್ತೆರಡು."

"ನಾನು ಒಂದು ದಿನಾನೂ ಬಿಚ್ಚಿ ನೋಡಲಿಲ್ಲ ಮೇಷ್ಟ್ರೇ. ನೋಡೋ ಧೈರ್ಯ ಇರಲಿಲ್ಲ."

"ನೋಡಿದ್ರೆ ಕೊಡ್ತಿದ್ರಾ?"

ಈ ಕಥೆಯನ್ನು ನನಗೆ ಹೇಳುವಾಗ ದೊಡ್ಡಮ್ಮ ಅಲ್ಲಿಗೆ ಬಂದು ನಿಲ್ಲಿಸಿಬಿಟ್ಟರು.

ಮೇಷ್ಟ್ರು ಎದ್ದರು. ಹಾಳೆಗಳನ್ನು ಸರಿಯಾಗಿ ಜೋಡಿಸಿ, ರಟ್ಟು ಮುಚ್ಚಿ, ಮೇಜಿನ ಮೇಲೇ ಬಿಟ್ಟು ಹೊರಟುಹೋದರು. ತಂದಿಟ್ಟ ಟೀ ಹಾಗೇ ಕೆನೆಗಟ್ಟಿತ್ತು. ಮುಂದಿನ ಮೂರು ವಾರ ದೊಡ್ಡಮ್ಮ ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ನಮ್ಮಮ್ಮ ಮೊದಲು ಬೈದಳು, ಆಮೇಲೆ ಹೆದರಿದಳು, ಕೊನೆಗೆ ಪಕ್ಕದಲ್ಲಿ ಸುಮ್ಮನೆ ಕೂರತೊಡಗಿದಳು.

ನಾಲ್ಕನೇ ವಾರ ಮೇಷ್ಟ್ರು ಬಂದರು. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಫ್ಲಾಸ್ಕು. ಬಂದವರೇ ಸ್ಟೂಲು ಎಳೆದುಕೊಂಡು ಡಬ್ಬಿ ತೆರೆದರು.

"ಎಂಬತ್ತೆರಡು ಅಂದ್ರಲ್ಲ. ಯಾವ ಪಟ್ಟಿ ಯಾವ ಹಾಳೆದು ಅಂತ ನಿಮಗೆ ಗೊತ್ತಾಗಲ್ಲ. ನನಗೆ ಬಾಯಿಪಾಠ ಇದೆ. ಗುರುವಾರ ಗುರುವಾರ ಬರ್ತೀನಿ."

"ಟೀ ತರಿಸ್ಲಾ ಮೇಷ್ಟ್ರೇ?"

"ನನ್ನದು ನಾನು ತಂದಿದ್ದೀನಿ."

ಹತ್ತು ವರ್ಷ ಹಾಗೇ ನಡೆಯಿತು. ವಾರವಿಡೀ ದೊಡ್ಡಮ್ಮ ಹುಡುಕಿ, ಬಿಡಿಸಿ, ಒಣಗಿಸಿ ಇಡುವರು. ಗುರುವಾರ ಮೇಷ್ಟ್ರು ಪಟ್ಟಿ ಹಿಡಿದು, ಕಣ್ಣು ಮುಚ್ಚಿ, ಮುಂದಿನ ಸಾಲು ಹೇಳಿ, ಇದು ನಲವತ್ತನೇ ಹಾಳೆಯ ಕೊನೇ ಪಟ್ಟಿ ಅನ್ನುವರು. ದೊಡ್ಡಮ್ಮ ತೆಳು ಕಾಗದದ ಎಳೆ ಇಟ್ಟು ಪಟ್ಟಿಗೆ ಪಟ್ಟಿ ಕೂಡಿಸುವರು. ಬೇಕಾದಷ್ಟೇ ಮಾತು. ಒಂದು ಸಲ ಗ್ರಂಥಾಲಯದವರೊಬ್ಬರು ಬಂದು ನೋಡಿ, "ಪುಸ್ತಕ ಅಚ್ಚಾಗಿದೆಯಲ್ಲ ಸಾರ್, ಮುನ್ನೂರು ಪ್ರತಿ ಇದೆ. ಯಾಕಿಷ್ಟು ಒದ್ದಾಟ?" ಅಂದರು. ಮೇಷ್ಟ್ರು ಅಚ್ಚಾದ ಪುಸ್ತಕದ ಒಂದು ಪುಟ ತೆರೆದು, ಪಕ್ಕದಲ್ಲಿ ಕೂಡಿಸಿದ ಹಾಳೆ ಇಟ್ಟರು.

"ಮಕ್ಕಳ ಮೊಣಕೈಗೆ ಪಟ್ಟಿ ಬಿಗಿಯಾಗಿ ಕಟ್ಟಬೇಕು ಅಂತಿದೆ ನೋಡಿ ಅಚ್ಚಲ್ಲಿ. ಇಲ್ಲಿ ಓದಿ. ಮೂರನೇ ದಿನ ಸಡಿಲ ಮಾಡಬೇಕು, ಇಲ್ಲದಿದ್ರೆ ಬೆರಳು ಸಾಯತ್ತೆ ಅಂತ ಮುಂದಿನ ಸಾಲು. ಮೊಳೆ ಜೋಡಿಸೋರ ಕಣ್ಣು ಒಂದು ಸಾಲು ಹಾರಿದೆ, ನಾನೂ ಪ್ರೂಫಲ್ಲಿ ನೋಡಲಿಲ್ಲ, ಬಾಯಿಪಾಠ ಇದ್ದಿದ್ದಕ್ಕೆ ಇಲ್ಲದ ಸಾಲನ್ನೂ ಓದಿಕೊಂಡೆ. ಮುನ್ನೂರು ಪ್ರತೀಲೂ ಅದೇ ತಪ್ಪು. ಇನ್ನು ಅಂಚಲ್ಲಿ ನೋಡಿ, ಯಾರೋ ಬರೆದಿದ್ದಾರೆ: ನನ್ನ ತಂಗಿಯ ಮಗನಿಗೆ ಎರಡನೇ ದಿನವೇ ಬೆರಳು ನೀಲಿಯಾಯಿತು, ಮೂರರವರೆಗೆ ಕಾಯಬೇಡಿ. ಇದನ್ನ ನಾನು ಅಚ್ಚು ಹಾಕಿಸಲೇ ಇಲ್ಲ. ಗೀಚು ಅಂತ ಬಿಟ್ಟೆ."

ತಪ್ಪಿನಲ್ಲಿ ತಮ್ಮ ಪಾಲನ್ನೂ ಅವರು ಹೇಳಿಕೊಂಡದ್ದು ಅದೊಂದೇ ಸಲ. ಹೇಳಿದ್ದು ಗ್ರಂಥಾಲಯದವರಿಗೆ. ದೊಡ್ಡಮ್ಮ ತಲೆ ಬಗ್ಗಿಸಿ ಅಂಟು ಕಲಸುತ್ತಿದ್ದರು.

ಇನ್ನೂರ ಮೂರು ಪುಸ್ತಕ ಸಿಕ್ಕವು. ಕಳೆದ ಒಂದು ವರ್ಷದಿಂದ ಒಂದೂ ಸಿಕ್ಕಿಲ್ಲ. ಮಿಕ್ಕವು ಎಲ್ಲಿ ಹೋದವೋ, ಯಾರ ಮನೆಯಲ್ಲಿ ಗಟ್ಟಿಯಾಗಿ ಕೂತಿವೆಯೋ. ಈ ವರ್ಷ ಮೇಷ್ಟ್ರೇ ಹೇಳಿದರು, ಇದ್ದಷ್ಟಕ್ಕೆ ಹೊಲಿಯಿರಿ, ನನ್ನ ಕಣ್ಣು ಇನ್ನು ಬಹಳ ದಿನ ನಡೆಯಲ್ಲ. ದೊಡ್ಡಮ್ಮ ಸಿಗದ ಪಟ್ಟಿಗಳ ಜಾಗದಲ್ಲಿ ಅಷ್ಟೇ ಅಳತೆಯ ಖಾಲಿ ಕಾಗದ ಕೂಡಿಸಿದರು. ನೂರ ಹನ್ನೆರಡು ಹಾಳೆಯನ್ನೂ ಅನುಕ್ರಮದಲ್ಲಿಟ್ಟು, ಅಂಟು ಸೋಕಿಸದೆ ಬರೀ ದಾರದಲ್ಲಿ ಹೊಲಿದರು. ಯಾವಾಗ ಬೇಕಾದರೂ ಬಿಚ್ಚಿ, ಸಿಕ್ಕ ಪಟ್ಟಿ ಸೇರಿಸಬಹುದು. ಬೆನ್ನಿಗೆ ಏನೂ ಹಚ್ಚಲಿಲ್ಲ.

ಆ ಗುರುವಾರ ನಾನೂ ಅಲ್ಲಿದ್ದೆ, ಊಟ ಕೊಟ್ಟು ಬರಲು ಹೋಗಿದ್ದೆ. ಮೇಷ್ಟ್ರು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಕೊನೆಗೆ ಒಂದು ಖಾಲಿ ಹಾಳೆ ಇತ್ತು. ಅದನ್ನು ತೆರೆದು ದೊಡ್ಡಮ್ಮನ ಕಡೆ ತಿರುಗಿಸಿದರು. ಜೇಬಿನಿಂದ ಪೆನ್ನು ತೆಗೆದಿಟ್ಟರು.

"ಈ ಪುಸ್ತಕಕ್ಕೆ ಕೈ ಹಾಕಿದವರೆಲ್ಲ ಬರೆದಿದ್ದಾರೆ. ನೀವೂ ಬರೀರಿ."

"ನಾನೇನು ಬರೀಲಿ ಮೇಷ್ಟ್ರೇ? ನಾನು ಮೂಳೆ ಕಟ್ಟಿದವಳಲ್ಲ."

"ನನ್ನ ಹತ್ರ ಹೇಳಿದ್ರಿ. ನಾನು ಹೋದ ಮೇಲೆ ಅದು ಎಲ್ಲಿರತ್ತೆ? ಮುಂದೆ ಓದೋರು ಈ ಸೀಳು ನೋಡ್ತಾರೆ, ಯಾಕೆ ಅಂತ ಕೇಳ್ತಾರೆ. ಬರೀರಿ."

ಸಾವಿರಾರು ಪುಸ್ತಕ ಹೊಲಿದ ದೊಡ್ಡಮ್ಮ ಅಲ್ಲಿಯವರೆಗೆ ಒಂದರಲ್ಲೂ ಒಂದು ಅಕ್ಷರ ಬರೆದವರಲ್ಲ. ಕೈ ಒರೆಸಿಕೊಂಡರು. ಪೆನ್ನು ಹಿಡಿದು ನಿಧಾನವಾಗಿ ಬರೆದರು: ಈ ಪುಸ್ತಕದ ತೊಂಬತ್ತಮೂರು ಹಾಳೆಗಳನ್ನು ಕತ್ತರಿಸಿದವಳು ನಾನು. ಒಳ್ಳೆಯ ಕಾಗದ ಹಾಳಾಗಬಾರದು ಅಂತ ಕತ್ತರಿಸಿದೆ. ಇದರ ಬೆಲೆ ಗೊತ್ತಿರಲಿಲ್ಲ. ಸಿಕ್ಕಷ್ಟನ್ನು ಹುಡುಕಿ ಕೂಡಿಸಿದ್ದೇನೆ.

ಪೆನ್ನಿನ ಮುಚ್ಚಳ ಹಾಕಲು ಹೋದರು. ಮೇಷ್ಟ್ರು ಭೂತಗನ್ನಡಿ ಹಿಡಿದು ಓದಿ, ಬೆರಳನ್ನು ಕೊನೆಯ ಸಾಲಿನ ಕೆಳಗಿಟ್ಟರು.

"ಇನ್ನೊಂದು ಇದೆ."

ನನಗೆ ಮೇಷ್ಟ್ರ ಮೇಲೆ ಸಿಟ್ಟು ಬಂತು. ಹತ್ತು ವರ್ಷ ದೊಡ್ಡಮ್ಮ ಗೇದಿದ್ದಾರೆ, ಇನ್ನೇನು ಬೇಕು ಅನ್ನಬೇಕು ಅಂತ ಬಾಯಿ ತೆರೆದೆ. ದೊಡ್ಡಮ್ಮ ಕೈಯೆತ್ತಿ ನನ್ನನ್ನು ತಡೆದರು. ಕತ್ತು ಬಗ್ಗಿಸಿ, ಬೆರಳಿದ್ದ ಜಾಗದಲ್ಲಿ ಬರೆದರು.

ಹತ್ತೊಂಬತ್ತು ಹಾಳೆಗಳನ್ನು ಗೊತ್ತಿದ್ದೂ ಬಚ್ಚಿಟ್ಟೆ. ಕೇಳಿದವರಿಗೆ ಮೂವತ್ತೊಂದು ವರ್ಷ ಇಲ್ಲ ಅಂದೆ.

ಮೇಷ್ಟ್ರು ಕನ್ನಡಿ ಹಿಡಿದು ಅದನ್ನೂ ಓದಿದರು. ಶಾಯಿ ಒಣಗುವವರೆಗೂ ಪುಸ್ತಕ ಮುಚ್ಚದೆ, ಹಾಳೆ ಮಗುಚದ ಹಾಗೆ ಅಂಚನ್ನು ಒತ್ತಿ ಹಿಡಿದು ಕೂತಿದ್ದರು.